ನರ್ಸ್ ಆಗಲು ಅಂಕ ಮಾತ್ರ ಸಾಕೆ?

ಪಿ.ಯು.ಸಿ. ಫಲಿತಾಂಶ ಬಂದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಎಷ್ಟೋ ಮನೆಗಳಲ್ಲಿ ಕೇಳುವ ಮಾತು: "ನಮ್ಮ ಹುಡಿಗಿ ನರ್ಸಿಂಗ್ ಓದ್ತೀನಿ ಅಂತಾಳ್ರಿ, ಮಾರ್ಕ್ಸ್ ಸಾಲ್ತಾವೇನ್ರಿ?" ಅದನ್ನು ಕಾಲೇಜಿನವರೇ ಹೇಳುತ್ತಾರೆ ಬಿಡಿ. ಅಂಕಪಟ್ಟಿಯಲ್ಲಿ ಕಾಣದ ಬೇರೆ ಸಂಗತಿಗಳಿವೆ. ಸೇರಿದ ಕೆಲವೇ ತಿಂಗಳಿಗೆ ಪೆಟ್ಟಿಗೆ ಹಿಡಿದು ಊರಿಗೆ ಮರಳುವ ಹುಡುಗಿ ಎಷ್ಟೋ ಸಲ ಪಾಠಕ್ಕೆ ಹೆದರಿ ಬಂದಿರುವುದಿಲ್ಲ, ಇವುಗಳಿಗೆ ಹೆದರಿ ಬಂದಿರುತ್ತಾಳೆ.

ಕಾಗದಪತ್ರದ ಮಾತು ಬೇಗ ಮುಗಿಸೋಣ. ಸೇರುವ ವರ್ಷದ ಡಿಸೆಂಬರ್ 31ಕ್ಕೆ ವಯಸ್ಸು 17 ತುಂಬಿರಬೇಕು. ಜಾತಿ, ಆದಾಯದ ಪ್ರಮಾಣಪತ್ರಗಳು ನಾಡಕಚೇರಿಯಲ್ಲಿ ಸಿಗುತ್ತವೆ. ನಮ್ಮ ಭಾಗಕ್ಕೆ 2013ರಿಂದ ಸಂವಿಧಾನದ 371 ಜೆ ಕಲಮಿನ ಮೀಸಲಾತಿ ಇದೆ. ಅದರ ಪತ್ರವನ್ನು ಉಪವಿಭಾಗಾಧಿಕಾರಿಗಳು ಕೊಡುತ್ತಾರೆ. ಸೀಟು ಹಂಚುವ ವಾರದಲ್ಲಿ ಓಡಾಡುವ ಬದಲು ಪರೀಕ್ಷೆ ಮುಗಿದ ಕೂಡಲೇ ಅರ್ಜಿ ಹಾಕಿಬಿಡಿ.

ಇನ್ನು ಆರೋಗ್ಯ. ದೇಹ ಸಮರ್ಥವಾಗಿದೆ ಎಂದು ವೈದ್ಯರ ಪತ್ರ ಬೇಕು. ಉಬ್ಬಸವೋ ಫಿಟ್ಸೋ ಇದ್ದರೆ "ಹೇಳಿದ್ರ ಸೀಟು ಹೋಗ್ತೈತಿ" ಎಂದು ಮುಚ್ಚಿಡಬೇಡಿ. ವಾರ್ಡಿನಲ್ಲಿ ಅದು ಬಯಲಾದರೆ ಆಕೆಗೂ ಅಪಾಯ, ರೋಗಿಗೂ ಅಪಾಯ. ರಕ್ತ ಮುಟ್ಟುವ ಕೆಲಸವಾದ್ದರಿಂದ ಹೆಪಟೈಟಿಸ್ ಬಿ ಲಸಿಕೆ ಅವಶ್ಯ. ಚಿಕ್ಕಂದಿನಲ್ಲಿ ಹಾಕಿಸಿದ ಕಾರ್ಡು ಇದೆಯೇ ಹುಡುಕಿ. ಇಲ್ಲದಿದ್ದರೆ ಮೊದಲನೆಯದು ಇಂದು, ಎರಡನೆಯದು ತಿಂಗಳಿಗೆ, ಮೂರನೆಯದು ಆರನೆಯ ತಿಂಗಳಿಗೆ. ಅಂದರೆ ಎರಡನೇ ಪಿ.ಯು.ಸಿ.ಯಲ್ಲಿರುವಾಗಲೇ ಶುರು ಮಾಡಬೇಕು. ಹಾಗೆಯೇ ಹಿಮೋಗ್ಲೋಬಿನ್ ನೋಡಿಸಿ. 12 ಗ್ರಾಮಿಗಿಂತ ಕಡಿಮೆ ಇದ್ದರೆ ಎಂಟು ತಾಸು ನಿಂತು ದುಡಿಯುವುದು ಕಷ್ಟ. ವೈದ್ಯರು ಕೊಟ್ಟ ಮಾತ್ರೆಯ ಜೊತೆಗೆ ಸಜ್ಜಿ ರೊಟ್ಟಿ, ಪುಂಡಿಪಲ್ಯ, ಮೇಲೊಂದಿಷ್ಟು ನಿಂಬೆರಸ. ಊಟವಾದ ತಕ್ಷಣ ಚಹಾ ಮಾತ್ರ ಬೇಡ, ಅದು ಕಬ್ಬಿಣದ ಅಂಶವನ್ನು ಮೈಗೆ ಹತ್ತಗೊಡುವುದಿಲ್ಲ.

ಮನೆಯಲ್ಲಿ ನಿಜವಾದ ಜಗಳ ಏಳುವುದು ಬಳೆಯ ವಿಷಯಕ್ಕೆ! ಬಳೆ, ಉಂಗುರ, ಉದ್ದ ಉಗುರು, ಬಣ್ಣ ಯಾವುದೂ ವಾರ್ಡಿನಲ್ಲಿ ಸಲ್ಲದು. ಎಷ್ಟು ತೊಳೆದರೂ ಅವುಗಳ ಅಡಿಯಲ್ಲಿ ರೋಗಾಣು ಉಳಿಯುತ್ತದೆ, ಒಬ್ಬ ರೋಗಿಯಿಂದ ಇನ್ನೊಬ್ಬನಿಗೆ ದಾಟುತ್ತದೆ. "ಬರಿಗೈಲೆ ಇರೂದು ಚಲೋ ಅಲ್ಲವಾ" ಎಂದು ಅಜ್ಜಿ ಕಣ್ಣೀರು ಹಾಕಿದರೆ ಗದರಬೇಡಿ. ಹೊಸದಾಗಿ ಹೆತ್ತ ಬಾಣಂತಿಯನ್ನೂ ಕೂಸನ್ನೂ ಮುಟ್ಟುವ ಕೈ ಅದು ಎಂದು ತಿಳಿಸಿ ಹೇಳಿ. ನಾಲ್ಕು ಬಾಣಂತನ ಮಾಡಿದ ಅಜ್ಜಿಗೆ ಅದು ನಮಗಿಂತ ಬೇಗ ತಿಳಿಯುತ್ತದೆ. ಹಬ್ಬಕ್ಕೆ ಊರಿಗೆ ಬಂದಾಗ ಕೈತುಂಬ ಹಸಿರು ಬಳೆ ಇಡಿಸಿದರಾಯಿತು. ಕೈಗೆ ಬೇಕಾದ ಒಡವೆ ಒಂದೇ, ಸೆಕೆಂಡಿನ ಮುಳ್ಳಿರುವ ಗಡಿಯಾರ. ನಾಡಿ ಎಣಿಸಲು ಅದಿಲ್ಲದೆ ಆಗದು.

ಗಂಡಸು ರೋಗಿಗಳ ಮೈ ಒರೆಸಬೇಕು, ಮಲಮೂತ್ರದ ಪಾತ್ರೆ ಎತ್ತಬೇಕು, ರಾತ್ರಿ ಪಾಳಿ ಮಾಡಬೇಕು. ಇದನ್ನು ಅಪ್ಪನ ಎದುರಿಗೇ ಬಾಯಿಬಿಟ್ಟು ಮಾತಾಡಿ. ಮುಂದೆ ವರನ ಕಡೆಯವರಿಗೂ ಮುಚ್ಚಿಡಬೇಡಿ. "ಅಸಹ್ಯ ಅನಸ್ತೈತಿ" ಎಂದು ಹುಡುಗಿ ಹೇಳಿದರೆ ಅದು ಅನರ್ಹತೆಯಲ್ಲ, ಮೊದಮೊದಲು ಬಹಳ ಜನಕ್ಕೆ ಹಾಗೆ ಅನಿಸುತ್ತದೆ. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದರೆ ರಜೆಯಲ್ಲಿ ಅವರ ಆರೈಕೆ ಮಾಡಿ ನೋಡಲಿ. ಆಮೇಲೂ ಮನಸ್ಸು ಒಪ್ಪದಿದ್ದರೆ ಒತ್ತಾಯ ಬೇಡ, ಬೇರೆ ಓದು ಬೇಕಾದಷ್ಟಿವೆ. ಈಗ ಹುಡುಗರೂ ಈ ಓದಿಗೆ ಸೇರುತ್ತಾರೆ, ಅವರಿಗೂ ಇದೇ ಮಾತು.

ಫ್ಲಾರೆನ್ಸ್ ನೈಟಿಂಗೇಲ್ 1860ರಲ್ಲಿ ಲಂಡನ್ನಿನಲ್ಲಿ ಶಾಲೆ ತೆರೆಸಿದಾಗ ಪ್ರತಿ ವಿದ್ಯಾರ್ಥಿನಿಯ ಗುಣನಡತೆಗೆ ತಿಂಗಳ ಪಟ್ಟಿಯೊಂದನ್ನು ಇಡಿಸಿದ್ದಳು. ಹೊತ್ತಿಗೆ ಸರಿಯಾಗಿ ಬರುವುದು, ಗದ್ದಲವಿಲ್ಲದಿರುವುದು, ನಂಬಿಕೆ, ಮೈಬಟ್ಟೆಯ ಶುಚಿ ಇವೆಲ್ಲ ಅದರಲ್ಲಿದ್ದವು. ನಮ್ಮ ಸೀಮೆಗೆ ನಾನು ಇನ್ನೊಂದು ಸೇರಿಸುತ್ತೇನೆ: ಭಾಷೆ. ತುಂಗಭದ್ರಾ ಕಾಲುವೆಯ ಕ್ಯಾಂಪುಗಳಿಂದ ತೆಲುಗಿನವರು, ತಾಂಡಾಗಳಿಂದ ಲಂಬಾಣಿಗರು, ಉರ್ದು ಮಾತಿನವರು ಎಲ್ಲರೂ ಆಸ್ಪತ್ರೆಗೆ ಬರುತ್ತಾರೆ. "ಎಲ್ಲಿ ನೋವು? ಯಾವಾಗಿನಿಂದ? ಊಟ ಆಯಿತೆ?" ಈ ಮೂರನ್ನು ಆ ಭಾಷೆಗಳಲ್ಲಿ ನೆರೆಮನೆಯವರಿಂದ ಈ ರಜೆಯಲ್ಲೇ ಕಲಿಯಲಿ. ಲಸಿಕೆಯ ಕಾರ್ಡನ್ನು ಅಂಕಪಟ್ಟಿಯ ಫೈಲಿನಲ್ಲೇ ಇಡಿ, ಕಾಲೇಜಿನಲ್ಲಿ ಕೇಳುತ್ತಾರೆ.