ಕಡಲ ಮುಂದೆ ಸುಮ್ಮನೆ ಕುಳಿತ ಒಂದು ದಿನ

ನಮ್ಮಲ್ಲಿ ರಜೆಯೆಂಬುದು ಅನುಭವಿಸುವುದಕ್ಕಿಂತ ಹೆಚ್ಚಾಗಿ ಕೂಡಿಡುವ ವಸ್ತು. ಗಳಿಕೆ ರಜೆಯನ್ನು ವರ್ಷದಿಂದ ವರ್ಷಕ್ಕೆ ಜೋಪಾನ ಮಾಡಿ, ನಿವೃತ್ತಿಯ ಹೊತ್ತಿಗೆ ಮುನ್ನೂರು ದಿನಗಳಾಗಿಸಿ ನಗದೀಕರಿಸಿಕೊಂಡವನನ್ನು ಸರ್ಕಾರಿ ಕಚೇರಿಗಳಲ್ಲಿ ಜಾಣನೆಂದು ಹೊಗಳುತ್ತಾರೆ. ಅದನ್ನು ಖರ್ಚು ಮಾಡಿ ಪ್ರವಾಸ ಹೊರಟವನಾದರೂ ಸುಖಿಯೇ ಎಂದರೆ ಅದೂ ಅನುಮಾನ. ಹತ್ತು ದಿನಗಳಲ್ಲಿ ಏಳು ದೇಶ, ಬೆಳಗಿನ ಆರಕ್ಕೆ ಉಪಾಹಾರ, ಏಳಕ್ಕೆ ಬಸ್ಸು, ಪ್ರತಿ ಗೋಪುರದ ಮುಂದೆ ಇಪ್ಪತ್ತು ನಿಮಿಷ. ಕೊಟ್ಟ ಹಣಕ್ಕೆ ಸರಿಯಾಗಿ ದಣಿಯದಿದ್ದರೆ ಮೋಸಹೋದಂತೆ ಅನ್ನಿಸುವ ಮನಸ್ಸು ನಮ್ಮದು.

ಅಂಥ ಮನಸ್ಸಿನವರೇ ಆದ ನಮಗೆ ಫ್ರಾನ್ಸಿನ ದಕ್ಷಿಣ ತೀರದ ನೀಸ್ ನಗರದಲ್ಲಿ ಯಾವ ಕಾರ್ಯಕ್ರಮವೂ ಇಲ್ಲದ ಒಂದು ಇಡೀ ದಿನ ದೊರೆತದ್ದು ಮಗಳ ಹಟದಿಂದ. 'ನಾಳೆ ಯಾವ ಮ್ಯೂಸಿಯಮ್ಮೂ ಇಲ್ಲ ಅಪ್ಪಾ, ಅಜ್ಜಿಯ ಮಂಡಿಗೂ ರಜ ಬೇಕು' ಎಂದು ಅವಳು ಹಿಂದಿನ ರಾತ್ರಿಯೇ ತೀರ್ಪು ಕೊಟ್ಟಿದ್ದಳು. ಹೀಗಾಗಿ ಮರುದಿನ ಬೆಳಿಗ್ಗೆ ಒಂಬತ್ತರ ಸುಮಾರಿಗೆ ನಾನು, ಹೆಂಡತಿ, ಮಗಳು ಮತ್ತು ಎಪ್ಪತ್ತು ದಾಟಿದ ನನ್ನ ತಾಯಿ ಸಮುದ್ರಕ್ಕೆ ಮುಖಮಾಡಿ ನಾಲ್ಕು ನೀಲಿ ಕುರ್ಚಿಗಳಲ್ಲಿ ಕುಳಿತೆವು. ಆ ಊರಿನ ಗುರುತೇ ಆಗಿಹೋಗಿರುವ ಈ ಕುರ್ಚಿಗಳಲ್ಲಿ ಕೂರಲು ಹಿಂದೊಮ್ಮೆ ಬಾಡಿಗೆ ಕೊಡಬೇಕಾಗಿತ್ತು. ಈಗ ಉಚಿತ. ಅರ್ಧ ಗಂಟೆಯಲ್ಲಿ ನಾನು ಮೂರು ಬಾರಿ ಗಡಿಯಾರ ನೋಡಿದೆ. ನಾಲ್ಕನೆಯ ಬಾರಿ ಹೆಂಡತಿ, 'ಏನ್ರೀ, ಯಾವ ಬಸ್ಸು ತಪ್ಪಿಹೋಗುತ್ತೆ ಈಗ?' ಎಂದಳು.

ಸುಮ್ಮನಿರುವುದನ್ನು ಕಲಿಯಬೇಕಾದ ನಮ್ಮಂಥವರಿಗೆ, ಸುಮ್ಮನಿರಲೆಂದೇ ಕಟ್ಟಿದ ಊರು ಒಂದು ಸೋಜಿಗ. ಕಡಲಂಚಿನಲ್ಲಿ ಸುಮಾರು ಏಳು ಕಿಲೋಮೀಟರ್ ಸಾಗುವ ಈ ವಿಹಾರಪಥದ ಹೆಸರು ಪ್ರೊಮೆನಾದ್ ದೇಸ್ ಆಂಗ್ಲೆ, ಎಂದರೆ ಇಂಗ್ಲಿಷರ ವಿಹಾರಪಥ. ಅದು ಹುಟ್ಟಿದ ಕಥೆ ಕನ್ನಡದ ಓದುಗರಿಗೆ ತೀರ ಪರಿಚಿತವೆನಿಸೀತು. 1820ರ ದಶಕದ ಆರಂಭದಲ್ಲಿ, ನೀಸ್ ಇನ್ನೂ ಸಾರ್ಡೀನಿಯಾ ರಾಜ್ಯಕ್ಕೆ ಸೇರಿದ್ದಾಗ, ಕಡುಚಳಿಗೆ ಅಲ್ಲಿನ ಕಿತ್ತಳೆ ತೋಟಗಳು ಸುಟ್ಟುಹೋದವು. ಕೂಲಿಯಿಲ್ಲದ ಜನ ಬೀದಿಯಲ್ಲಿ ಬೇಡತೊಡಗಿದರು. ಚಳಿಗಾಲ ಕಳೆಯಲು ಅಲ್ಲಿಗೆ ಬಂದಿದ್ದ ಇಂಗ್ಲಿಷ್ ಶ್ರೀಮಂತರು ಲೂಯಿಸ್ ವೇ ಎಂಬ ಪಾದ್ರಿಯ ಮುಂದಾಳತ್ವದಲ್ಲಿ ಚಂದಾ ಎತ್ತಿ, ಆ ಬಡವರಿಗೆ ಕೂಲಿ ಕೊಟ್ಟು, ದಡದಲ್ಲಿ ಎರಡು ಮೀಟರ್ ಅಗಲದ ಕಾಲುದಾರಿ ಮಾಡಿಸಿದರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಇದು ಅಪ್ಪಟ ಬರ ಪರಿಹಾರ ಕಾಮಗಾರಿ. ವ್ಯತ್ಯಾಸವಿಷ್ಟೆ: ನಮ್ಮ ಬರಗಾಲದ ಜನ ಕೆರೆ ಏರಿ ಕಟ್ಟಿದರು, ಅಲ್ಲಿನವರು ಅನ್ಯರು ಅಡ್ಡಾಡಲು ಹಾದಿ ಕಟ್ಟಿದರು.

ಆಗ ಇಲ್ಲಿಗೆ ಜನ ಬರುತ್ತಿದ್ದುದು ಚಳಿಗಾಲದಲ್ಲಿ. ಬೇಸಿಗೆಯ ಬಿಸಿಲಿಗೆ ಮೈಯೊಡ್ಡುವುದು ಕೂಲಿಯವರ ಪಾಡು, ದೊಡ್ಡವರ ಹವ್ಯಾಸವಲ್ಲ. ಕ್ಷಯರೋಗಿಗಳು ಹಿತವಾದ ಹವೆಯನ್ನರಸಿ ಬಂದರು. ಚೆಕಾಫ್ 1897ರಲ್ಲಿ ಹಾಗೆಯೇ ಬಂದವನು. ವಿಕ್ಟೋರಿಯಾ ರಾಣಿ 1890ರ ದಶಕದಲ್ಲಿ ನಗರದ ಮೇಲಿನ ಸಿಮಿಯೇ ಗುಡ್ಡದಲ್ಲಿ ವರ್ಷವರ್ಷವೂ ಬೀಡುಬಿಟ್ಟಳು. ಆಕೆಯ 'ಮುನ್ಷಿ', ಆಗ್ರಾದ ಕಡೆಯ ಅಬ್ದುಲ್ ಕರೀಮ್, 1897ರಲ್ಲಿ ಈ ಪ್ರವಾಸಕ್ಕೆ ಜೊತೆಯಾಗುವ ವಿಷಯದಲ್ಲಿ ಅರಮನೆಯ ಅಧಿಕಾರಿಗಳು ದಂಗೆಯೆದ್ದಷ್ಟೇ ರಾದ್ಧಾಂತ ಮಾಡಿದರು. ಭಾರತೀಯನೊಬ್ಬನ ಪಂಕ್ತಿಯಲ್ಲಿ ಕುಳಿತು ಊಟ ಮಾಡುವುದೇ ಅವರಿಗಿದ್ದ ಸಂಕಟ. ರಾಣಿ ಸೋಲಲಿಲ್ಲ, ಮುನ್ಷಿ ಬಂದ. ಚಳಿಗಾಲದ ಆ ವೈಭವದ ಕಟ್ಟಡಗಳಿಗಾಗಿಯೇ ಯುನೆಸ್ಕೊ 2021ರಲ್ಲಿ ನೀಸ್ ನಗರವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದೆ.

ಹನ್ನೊಂದರ ಹೊತ್ತಿಗೆ ಬಿಸಿಲು ಏರಿತು. ಹಳೆಯ ಊರಿನ ಕೂರ್ ಸಾಲೆಯಾ ಎಂಬ ಸಂತೆಬೀದಿ ನಾವು ಕುಳಿತಲ್ಲಿಂದ ಕೂಗಳತೆಯ ದೂರ. ಹೂವು, ಆಲಿವ್, ಕುಂಬಳದ ಹೂ, ಬಣ್ಣಬಣ್ಣದ ಟೊಮೆಟೊ. ಅಮ್ಮ ಕುಂಬಳದ ಹೂವನ್ನು ಕೈಯಲ್ಲಿ ಹಿಡಿದು ಹಳೆಯ ನೆಂಟರನ್ನು ಕಂಡಂತೆ ನಕ್ಕಳು. ಅಲ್ಲಿ 'ಸೊಕ್ಕಾ' ಎಂಬ ತಿನಿಸು ಮಾರುತ್ತಾರೆ. ಕಡಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು ಕಲಸಿ, ಬಂಡಿಚಕ್ರದಷ್ಟು ಅಗಲದ ತಾಮ್ರದ ತಟ್ಟೆಯಲ್ಲಿ ಸುರಿದು, ಸೌದೆಯ ಒಲೆಯಲ್ಲಿ ಬೇಯಿಸಿ, ಮೇಲೆ ಕರಿಮೆಣಸಿನ ಪುಡಿ ಉದುರಿಸಿ, ಹರಿದು ಕಾಗದದಲ್ಲಿ ಕೊಡುತ್ತಾರೆ. ಕೂಲಿಕಾರರ ಬೆಳಗಿನ ತಿಂಡಿಯಾಗಿದ್ದ ಇದನ್ನು ಈಗ ಎಲ್ಲರೂ ಸರದಿಯಲ್ಲಿ ನಿಂತು ತಿನ್ನುತ್ತಾರೆ. ಒಂದು ವಾರದಿಂದ ಬ್ರೆಡ್ಡು ಹಣ್ಣುಗಳಲ್ಲೇ ದಿನ ದೂಡಿದ್ದ ಅಮ್ಮ ಮೊದಲ ತುತ್ತಿಗೇ ಗುರುತು ಹಿಡಿದಳು: 'ಕಡಲೆಹಿಟ್ಟಿನ ದೋಸೆ ಕಣೋ ಇದು! ಎರಡು ಹಸಿಮೆಣಸಿನಕಾಯಿ, ಒಂದಿಷ್ಟು ಕೊತ್ತಂಬರಿ ಸೊಪ್ಪು ಹಾಕೋಕೆ ಇವರಿಗೆ ಯಾರೂ ಹೇಳಿಕೊಡಲಿಲ್ಲವೇ?' ಅಷ್ಟರಲ್ಲಿ ಗುಡ್ಡದ ಮೇಲಿನಿಂದ ಢಂ ಎಂಬ ಸದ್ದು. ನಾವು ಬೆಚ್ಚಿದೆವು, ಊರಿನವರು ತಿರುಗಿಯೂ ನೋಡಲಿಲ್ಲ. ನಿತ್ಯ ಮಧ್ಯಾಹ್ನ ಹನ್ನೆರಡಕ್ಕೆ ಅಲ್ಲಿ ಸಿಡಿಮದ್ದು ಹಾರಿಸುತ್ತಾರೆ. ಹರಟೆಯಲ್ಲಿ ಮೈಮರೆತು ಅಡುಗೆಗೆ ತಡಮಾಡುತ್ತಿದ್ದ ಹೆಂಡತಿಯನ್ನು ಎಚ್ಚರಿಸಲು ಸ್ಕಾಟ್ಲೆಂಡಿನ ದೊರೆಯೊಬ್ಬ 1860ರ ದಶಕದಲ್ಲಿ ಶುರುಮಾಡಿಸಿದ ಪದ್ಧತಿ ಎಂಬುದು ಪ್ರತೀತಿ. ನನ್ನ ಹೆಂಡತಿಗೆ ಈ ಕಥೆ ಅಷ್ಟೇನೂ ಹಿಡಿಸಲಿಲ್ಲ.

ಮಧ್ಯಾಹ್ನ ಕಳೆದ ಮೇಲೆ ನೀರಿಗೆ ಇಳಿದೆವು. ನೀಸ್‌ನ ತೀರದಲ್ಲಿ ಮರಳಿಲ್ಲ. ಎಲ್ಲ ನುಣುಪಾದ ಬೂದುಬಣ್ಣದ ಉರುಟುಗಲ್ಲು. ಬರಿಗಾಲಿನಲ್ಲಿ ನಡೆದರೆ ಯಾವ ಗಂಭೀರ ವ್ಯಕ್ತಿಯೂ ನಗೆಪಾಟಲಾಗುತ್ತಾನೆ. ಅಲೆ ಹಿಂದಕ್ಕೆ ಸರಿಯುವಾಗ ಕಲ್ಲುಗಳು ಒಂದರ ಮೇಲೊಂದು ಉರುಳಿ, ಮೊರದಲ್ಲಿ ಕಾಳು ಕೇರಿದಂಥ ಸದ್ದಾಗುತ್ತದೆ. ಈ ಕಲ್ಲುಗಳನ್ನು ಸಮುದ್ರ ಎಳೆದೊಯ್ಯುತ್ತಲೇ ಇರುತ್ತದೆ. ನಗರಾಡಳಿತ ಲಾರಿಗಳಲ್ಲಿ ಕಲ್ಲು ತಂದು ಸುರಿಸುತ್ತಲೇ ಇರುತ್ತದೆ. ನಿಸರ್ಗದತ್ತವೆಂದು ನಾವು ಮೆಚ್ಚುತ್ತಿದ್ದ ಕಡಲತೀರ ನಿಜವಾಗಿ ಪುರಸಭೆಯ ಆಯವ್ಯಯದ ಒಂದು ಬಾಬತ್ತು!

ಅಲ್ಲಿ ಹಣ ತೆತ್ತು ಒರಗುವ ಹಾಸುಗೆಗಳ ಖಾಸಗಿ ಅಂಗಳಗಳಿವೆ. ಅವುಗಳ ನಡುನಡುವೆ ಯಾರು ಬೇಕಾದರೂ ಟವೆಲ್ ಹಾಸಬಹುದಾದ ಸಾರ್ವಜನಿಕ ಜಾಗಗಳಿವೆ. ತಣ್ಣೀರಿನ ಶವರ್ ಕೂಡ ಉಂಟು. ಇದು ಆಡಳಿತದ ಔದಾರ್ಯವೆಂದು ಭಾವಿಸಬೇಕಿಲ್ಲ. ಫ್ರಾನ್ಸಿನ 1986ರ ಕರಾವಳಿ ಕಾಯ್ದೆ ಕಡಲತೀರಕ್ಕೆ ಸಾರ್ವಜನಿಕರ ಉಚಿತ ಪ್ರವೇಶವನ್ನು ಹಕ್ಕಾಗಿ ಹೇಳುತ್ತದೆ. 2006ರ ಆದೇಶವೊಂದರ ಪ್ರಕಾರ ನೈಸರ್ಗಿಕ ತೀರಗಳನ್ನು ಗುತ್ತಿಗೆಗೆ ಕೊಟ್ಟಾಗಲೂ ಅವುಗಳ ಉದ್ದ ಮತ್ತು ವಿಸ್ತಾರದಲ್ಲಿ ಶೇಕಡಾ 80ರಷ್ಟು ಭಾಗ ಕಟ್ಟಡ, ಸಲಕರಣೆಗಳಿಲ್ಲದೆ ತೆರವಾಗಿರಬೇಕು. ಹಾಸುಗೆಯ ಮೇಲಿನ ಸಿರಿವಂತನಿಗೂ ಟವೆಲಿನ ಮೇಲಿನ ನಮಗೂ ಕಾಣುತ್ತಿದ್ದುದು ಒಂದೇ ನೀಲಿ. ನಮ್ಮ ಕರಾವಳಿಯಲ್ಲಿ ರೆಸಾರ್ಟುಗಳ ಬೇಲಿ ಸುತ್ತಿ ಬಳಸಿ ನೀರು ಮುಟ್ಟಿದ ಅನುಭವವಿರುವವರಿಗೆ ಈ ಶೇಕಡಾವಾರಿನ ಬೆಲೆ ತಿಳಿಯುತ್ತದೆ.

ಆದರೆ ತೀರ ತೆರೆದಿದ್ದರೆ ಸಾಲದು, ಅಲ್ಲಿಗೆ ಬರಲು ಬಿಡುವು ಬೇಕಷ್ಟೆ. ಅದೂ ತಾನಾಗಿ ಬಂದದ್ದಲ್ಲ. 1936ರ ಬೇಸಿಗೆಯಲ್ಲಿ ಫ್ರಾನ್ಸಿನ ಕಾರ್ಮಿಕರು ಕಾರ್ಖಾನೆಗಳೊಳಗೇ ಕುಳಿತು ಮುಷ್ಕರ ಹೂಡಿದರು. ಲಿಯೋನ್ ಬ್ಲೂಮ್ ನೇತೃತ್ವದ ಜನತಾರಂಗದ ಸರ್ಕಾರ ವರ್ಷಕ್ಕೆ ಎರಡು ವಾರಗಳ ವೇತನಸಹಿತ ರಜೆಯನ್ನು ಶಾಸನವಾಗಿಸಿತು. ಮಂತ್ರಿ ಲಿಯೋ ಲಗ್ರಾಂಜ್ ರೈಲ್ವೆಯೊಡನೆ ಮಾತಾಡಿ ಅಂಥ ಪ್ರಯಾಣಿಕರಿಗೆ ಶೇಕಡಾ 40 ರಿಯಾಯಿತಿಯ ಟಿಕೆಟ್ ಕೊಡಿಸಿದ. ಸಮುದ್ರದಿಂದ ಕೆಲವೇ ಗಂಟೆಗಳ ದೂರದಲ್ಲಿ ಹುಟ್ಟಿ ಬೆಳೆದು, ಒಮ್ಮೆಯೂ ಸಮುದ್ರ ಕಾಣದೆ ಮುದಿಯಾದವರು ಅಂದು ಬುತ್ತಿ ಕಟ್ಟಿಕೊಂಡು ರೈಲೇರಿದರು. ಆ ಸರ್ಕಾರ ಮರುವರ್ಷವೇ ಬಿತ್ತು, ರಜೆ ಉಳಿಯಿತು. 1956ರಲ್ಲಿ ಮೂರನೆಯ ವಾರ, 1969ರಲ್ಲಿ ನಾಲ್ಕನೆಯದು, 1982ರಲ್ಲಿ ಐದನೆಯದು ಸೇರಿತು. ನಮ್ಮ 1948ರ ಕಾರ್ಖಾನೆ ಕಾಯ್ದೆಯೂ, ವರ್ಷಕ್ಕೆ 240 ದಿನ ದುಡಿದವನಿಗೆ ಇಪ್ಪತ್ತು ದಿನಗಳ ದುಡಿಮೆಗೊಂದರಂತೆ ಸಂಬಳದ ರಜೆ ಕೊಟ್ಟಿತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಆ ರಜೆ ಕಾರ್ಖಾನೆಯ ಗೇಟಿನೊಳಗೇ ಉಳಿದುಬಿಟ್ಟಿತು. ಗಾರೆ ಕೆಲಸದವನಿಗೆ, ಮನೆಗೆಲಸದ ಹೆಣ್ಣುಮಗಳಿಗೆ, ಹೋಟೆಲಿನ ಮಾಣಿಗೆ ಅದು ತಲುಪಲೇ ಇಲ್ಲ. ತಲುಪಿದವರು ಅದನ್ನು ಏನು ಮಾಡುತ್ತೇವೆಂದು ಮೊದಲೇ ಹೇಳಿದೆ.

ಅಮ್ಮ ದಡದಲ್ಲೇ ಕುಳಿತಿದ್ದಳು. ಪರ್ವಕಾಲದ ಹೊರತು ಸಮುದ್ರವನ್ನು ಮುಟ್ಟಬಾರದೆಂಬುದು ಅವಳು ಚಿಕ್ಕಂದಿನಿಂದ ಕೇಳಿಕೊಂಡು ಬಂದ ನೇಮ. ಕೊನೆಗೆ ಮೊಮ್ಮಗಳ ಒತ್ತಾಯಕ್ಕೆ, 'ಇದು ನಮ್ಮ ಸಮುದ್ರವಲ್ಲವಲ್ಲ' ಎಂದು ತಾನೇ ಒಂದು ವಿನಾಯಿತಿ ಕೊಟ್ಟುಕೊಂಡು, ನೂಲಿನ ಸೀರೆಯ ನೆರಿಗೆ ಎತ್ತಿ ಕಟ್ಟಿ, ಸೊಸೆಯ ಕೈ ಹಿಡಿದು ಸೊಂಟದ ಮಟ್ಟಕ್ಕೆ ಇಳಿದಳು. ಸುತ್ತಮುತ್ತ ತುಂಡುಬಟ್ಟೆಯಲ್ಲಿ ಮಲಗಿದ್ದವರಾರೂ ಅವಳತ್ತ ನೋಡಲಿಲ್ಲ. ಸೆರಗು ನೀರಿನ ಮೇಲೆ ತೇಲುತ್ತಿದ್ದುದನ್ನು ನೋಡುತ್ತಿದ್ದ ನನಗೆ ಬೇರೊಂದು ಚಿತ್ರ ನೆನಪಾಯಿತು. 2016ರ ಆಗಸ್ಟಿನಲ್ಲಿ ಇದೇ ನೀಸ್‌ನ ಕಡಲತೀರದಲ್ಲಿ, ಮೈತುಂಬ ಬಟ್ಟೆ ತೊಟ್ಟು ಕುಳಿತಿದ್ದ ಮಹಿಳೆಯೊಬ್ಬಳನ್ನು ಶಸ್ತ್ರಧಾರಿ ಪೊಲೀಸರು ಸುತ್ತುವರಿದಿದ್ದರು. ಆಕೆ ಮೇಲಂಗಿ ಕಳಚುತ್ತಿದ್ದ ಛಾಯಾಚಿತ್ರ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಅಚ್ಚಾಯಿತು. ಮುಸ್ಲಿಂ ಸ್ತ್ರೀಯರ ಮೈಮುಚ್ಚುವ ಈಜುಡುಗೆಯನ್ನು ನೀಸ್ ಸೇರಿದಂತೆ ಹಲವು ಪುರಸಭೆಗಳು ನಿಷೇಧಿಸಿದ್ದ ದಿನಗಳವು. ಆಗಸ್ಟ್ 26ರಂದು ಫ್ರಾನ್ಸಿನ ಅತ್ಯುನ್ನತ ಆಡಳಿತ ನ್ಯಾಯಾಲಯ ನೆರೆಯ ಊರೊಂದರ ಆದೇಶಕ್ಕೆ ತಡೆ ನೀಡಿತು. ಸೆಪ್ಟೆಂಬರ್ 1ರಂದು ನೀಸ್‌ನ ಆದೇಶಕ್ಕೂ ತಡೆ ಬಿತ್ತು. ಸೀರೆಯುಟ್ಟ ಅಮ್ಮನಿಗೆ ದೊರೆತ ಅಲಕ್ಷ್ಯದ ಸುಖ ಆ ಮಹಿಳೆಗೆ ದೊರೆಯಲಿಲ್ಲ. ಅಡಿಯಿಂದ ಮುಡಿವರೆಗೆ ಇಬ್ಬರ ಬಟ್ಟೆಯ ಅಳತೆಯಲ್ಲಿ ಅಂಥ ವ್ಯತ್ಯಾಸವೇನೂ ಇರಲಿಲ್ಲ.

ಆ ಆದೇಶಗಳ ಹಿಂದೆ ಭಯವಿತ್ತು, ಅದು ಕಾರಣವಿಲ್ಲದ ಭಯವೂ ಆಗಿರಲಿಲ್ಲ. ಒಂದು ತಿಂಗಳ ಹಿಂದಷ್ಟೇ, 2016ರ ಜುಲೈ 14ರ ರಾತ್ರಿ, ರಾಷ್ಟ್ರೀಯ ದಿನದ ಬಾಣಬಿರುಸು ನೋಡಲು ವಿಹಾರಪಥದಲ್ಲಿ ನೆರೆದಿದ್ದ ಜನರ ಮೇಲೆ ಒಬ್ಬ ಭಾರಿ ಲಾರಿ ಹರಿಸಿದ. 86 ಮಂದಿ ಸತ್ತರು. ಸತ್ತವರಲ್ಲಿ ಮಕ್ಕಳಿದ್ದರು, ಮುಸ್ಲಿಮರೂ ಇದ್ದರು. ರಜೆಯ ರಾತ್ರಿ ಮನೆಮಂದಿಯೊಂದಿಗೆ ಕಡಲಂಚಿಗೆ ಬಂದದ್ದಷ್ಟೇ ಅವರು ಮಾಡಿದ್ದು. ಬೆಳಿಗ್ಗೆ ನಾವು ಕುಳಿತಿದ್ದ ಕುರ್ಚಿಗಳ ಹಿಂದೆ, ರಸ್ತೆಗೂ ಕಾಲುದಾರಿಗೂ ನಡುವೆ, ಈಗ ಉಕ್ಕಿನ ಹಗ್ಗ ಬಿಗಿದ ಕಂಬಗಳ ಸಾಲಿದೆ. ತಿಳಿಯದವರಿಗೆ ಅದು ಅಲಂಕಾರದ ಬೇಲಿಯಂತೆ ಕಾಣುತ್ತದೆ. ಬೆಳಿಗ್ಗೆ ನನಗೂ ಹಾಗೆಯೇ ಕಂಡಿತ್ತು.

ಸಂಜೆ ಆರರ ಮೇಲೆ ತೀರದ ಜನ ಬದಲಾದರು. ಪ್ರವಾಸಿಗರು ಮೇಲೆ ಹತ್ತಿದರು, ಊರಿನವರು ಕೆಳಗಿಳಿದರು. ನಮ್ಮ ಪಕ್ಕದಲ್ಲಿ ಐವತ್ತರ ಆಸುಪಾಸಿನ ಒಬ್ಬಾತ ಕಚೇರಿಯ ಚೀಲ ಇಟ್ಟು, ಅಂಗಿಯನ್ನು ಮಡಿಸಿ ಅದರ ಮೇಲಿರಿಸಿ, ಇಪ್ಪತ್ತು ನಿಮಿಷ ಈಜಿ ಬಂದ. ಯಾರ ಚಿತ್ರವನ್ನೂ ತೆಗೆಯಲಿಲ್ಲ, ಯಾರಿಗೂ ಫೋನು ಮಾಡಲಿಲ್ಲ. ಕಲ್ಲಿನ ಮೇಲೆ ಕುಳಿತು ಕಾಗದದ ಪೊಟ್ಟಣ ಬಿಚ್ಚಿ ರೊಟ್ಟಿ, ಟೊಮೆಟೊ ತಿಂದ. ಅಮ್ಮ ಅವನನ್ನೇ ಗಮನಿಸುತ್ತಿದ್ದಳು.

'ಇವನಿಗೆ ಇವತ್ತು ರಜವೇನಪ್ಪಾ?'

'ಇಲ್ಲಮ್ಮ, ಕೆಲಸ ಮುಗಿಸಿ ಬಂದಿರಬೇಕು.'

'ನಾಳೆ?'

'ನಾಳೆಯೂ ಕೆಲಸ ಇರುತ್ತೆ.'

ಅವಳು ಏನೂ ಹೇಳಲಿಲ್ಲ. ಮುಂಜಾನೆಯ ರೈಲಿಗೆ ಸಾಮಾನು ಕಟ್ಟುವುದು ಬಾಕಿಯಿದೆಯೆಂದು ನಾನು ಎದ್ದು ನಿಂತಾಗ, ಇನ್ನೂ ಒದ್ದೆಯಿದ್ದ ಸೀರೆಯ ಅಂಚನ್ನು ಬಿಸಿ ಕಲ್ಲುಗಳ ಮೇಲೆ ಹರವಿಕೊಂಡು, 'ಇದು ಒಣಗಲಿ, ಆಮೇಲೆ ಹೊರಡೋಣ' ಎಂದಳು.