ಕುಳಿತಾಗ ಸರಿ, ನಡೆದರೆ ಏದುಸಿರು

ಜಗಲಿಯಲ್ಲಿ ಕುಳಿತಿದ್ದರೆ ಯಾವ ತೊಂದರೆಯೂ ಇಲ್ಲ. ಬಸ್ ನಿಲ್ದಾಣದವರೆಗೆ ನಡೆದರೆ ದಮ್ಮು ಕಟ್ಟುತ್ತದೆ. ಶ್ರವಣಬೆಳಗೊಳದ ಬೆಟ್ಟ ಹತ್ತುವುದಂತೂ ದೂರದ ಮಾತು. 'ವಯಸ್ಸಾಯಿತಲ್ಲ' ಎಂದು ಸುಮ್ಮನಿದ್ದೀರಾ? ಇದು ವಯಸ್ಸಿನ ದೋಷವಲ್ಲದೆ, ಸಿ.ಒ.ಪಿ.ಡಿ. ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆ ಇರಬಹುದು.

ಬೀಡಿ, ಸಿಗರೇಟು ಇದಕ್ಕೆ ಮುಖ್ಯ ಕಾರಣ. ಆದರೆ ಬೀಡಿ ಮುಟ್ಟದ ಹೆಂಗಸರಿಗೂ ಇದು ಬರುತ್ತದೆ. ಅಡುಗೆಗೆ ಗ್ಯಾಸ್ ಬಂದಿದ್ದರೂ ಹಾಸನ, ಹೊಳೆನರಸೀಪುರದ ಹಳ್ಳಿಗಳಲ್ಲಿ ಸ್ನಾನದ ಹಂಡೆಗೆ ಸೌದೆ ಉರಿಸುವವರಿದ್ದಾರೆ. ಚನ್ನರಾಯಪಟ್ಟಣದ ಕಡೆ ತೆಂಗಿನ ಗರಿ, ಸಿಪ್ಪೆ ಒಲೆಗೆ ಬೀಳುತ್ತವೆ. ಅರಕಲಗೂಡು ಸೀಮೆಯಲ್ಲಿ ತಂಬಾಕು ಹದ ಮಾಡುವ ಬ್ಯಾರನ್ನುಗಳ ಹೊಗೆ ಬೇರೆ. ಎಲ್ಲವೂ ಶ್ವಾಸಕೋಶಕ್ಕೆ ಶತ್ರುವೇ.

ಹೀಗೇಕೆ ಆಗುತ್ತದೆ?

ಶ್ವಾಸಕೋಶದ ಪುಟ್ಟ ಗಾಳಿಚೀಲಗಳಲ್ಲಿ ರಕ್ತ ಆಮ್ಲಜನಕವನ್ನು ತುಂಬಿಕೊಳ್ಳುತ್ತದೆ. ನಡೆಯುವಾಗ ರಕ್ತ ವೇಗವಾಗಿ ಹರಿಯುವುದರಿಂದ ಇದಕ್ಕೆ ಸಿಗುವ ಸಮಯ ಕಡಿಮೆ. ಆರೋಗ್ಯವಂತರಿಗೆ ಅಷ್ಟು ಸಾಕು. ಗಾಳಿಚೀಲಗಳು ಹಾಳಾದವರಿಗೆ ಸಾಲದು. ಆದ್ದರಿಂದ ಕುಳಿತಾಗ ಆಕ್ಸಿಮೀಟರ್‌ನಲ್ಲಿ 95 ಇದ್ದದ್ದು ನಡೆದಾಗ 88ಕ್ಕೆ ಇಳಿಯಬಹುದು. ಕುಳಿತಾಗಿನ ಅಂಕಿಯೊಂದನ್ನೇ ನಂಬಬೇಡಿ.

ಏನು ಪರೀಕ್ಷೆ?

ವೈದ್ಯರು ಆರು ನಿಮಿಷ ನಡೆಸಿ, ಬೆರಳಿಗೆ ಆಕ್ಸಿಮೀಟರ್ ಹಾಕಿ ನೋಡುತ್ತಾರೆ. ಆಮ್ಲಜನಕ 4 ಅಂಕಿ ಅಥವಾ ಹೆಚ್ಚು ಇಳಿದರೆ ಗಮನ ಕೊಡಬೇಕು. ಬೆರಳು ತಣ್ಣಗಿದ್ದರೆ, ಉಗುರಿಗೆ ಬಣ್ಣವಿದ್ದರೆ ಅಂಕಿ ತಪ್ಪಬಹುದು. ಕೊಳವೆಗೆ ಜೋರಾಗಿ ಊದುವ ಸ್ಪೈರೋಮೆಟ್ರಿ ಪರೀಕ್ಷೆಯಿಂದ ಕಾಯಿಲೆ ಖಚಿತವಾಗುತ್ತದೆ. ತಾಲ್ಲೂಕು ಆಸ್ಪತ್ರೆಯ ವೈದ್ಯರನ್ನು ಕಂಡು, ಅವರು ಹೇಳಿದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೋಗಿ.

ಮೂವತ್ತು ದಾಟಿದ ಮೇಲೆ ಎಲ್ಲರ ಊದುವ ಶಕ್ತಿಯೂ ವರ್ಷಕ್ಕೆ ಸುಮಾರು 30 ಮಿ.ಲೀ. ಕುಗ್ಗುತ್ತದೆ. ಧೂಮಪಾನಿಗಳಲ್ಲಿ ಇದು ಇಮ್ಮಡಿಯಾಗಬಹುದು. ಕಳೆದುಕೊಂಡದ್ದು ಮರಳಿ ಬಾರದು. ಆದರೆ ಬೀಡಿ ಬಿಟ್ಟರೆ ಇಳಿತದ ವೇಗ ಸಹಜ ಮಟ್ಟಕ್ಕೆ ಹತ್ತಿರವಾಗುತ್ತದೆ ಎಂದು ಫ್ಲೆಚರ್ ಮತ್ತು ಪೀಟೊ 1977ರಲ್ಲೇ ತೋರಿಸಿದರು. ಬಿಡಲು ಯಾವ ವಯಸ್ಸೂ ತಡವಲ್ಲ.

ನಡೆಯುವುದನ್ನು ಬಿಡಬೇಡಿ

ದಮ್ಮಿಗೆ ಹೆದರಿ ಕುಳಿತರೆ ಕಾಲಿನ ಸ್ನಾಯುಗಳು ಸೋತು ಏದುಸಿರು ಇನ್ನೂ ಹೆಚ್ಚುತ್ತದೆ. ವೈದ್ಯರನ್ನು ಕೇಳಿಕೊಂಡು, ನಿಂತು ನಿಂತು ನಡೆಯಿರಿ. ಮೂಗಿನಿಂದ ಉಸಿರೆಳೆದು, ಶಿಳ್ಳೆ ಹಾಕುವಂತೆ ತುಟಿ ಮಾಡಿ ನಿಧಾನವಾಗಿ ಹೊರಬಿಡಿ. ಇನ್‌ಹೇಲರ್ ಚಟವಾಗುತ್ತದೆ ಎಂಬುದು ತಪ್ಪು ಕಲ್ಪನೆ.

ಆಮ್ಲಜನಕದ ಸಿಲಿಂಡರನ್ನು ನೀವಾಗಿಯೇ ತರಬೇಡಿ. ವಿಶ್ರಾಂತಿಯಲ್ಲೂ 88 ಅಥವಾ ಅದಕ್ಕಿಂತ ಕಡಿಮೆ ಇರುವವರಿಗೆ ದಿನಕ್ಕೆ 15 ಗಂಟೆಗೂ ಹೆಚ್ಚು ಕಾಲ ಕೊಟ್ಟರೆ ಆಯಸ್ಸು ಹೆಚ್ಚುತ್ತದೆ. ನಡೆದಾಗ ಮಾತ್ರ ಇಳಿಯುವವರಿಗೆ ಆ ಲಾಭ 2016ರ ಅಮೆರಿಕದ ಅಧ್ಯಯನದಲ್ಲಿ ಕಾಣಲಿಲ್ಲ. ಯಾರಿಗೆ ಬೇಕೆಂದು ವೈದ್ಯರೇ ನಿರ್ಧರಿಸಲಿ. ಅದರ ಬಳಿ ಬೀಡಿ, ಒಲೆ, ದೀಪ ಕೂಡದು.

ತುಟಿ ನೀಲಿಯಾದರೆ, ಕುಳಿತಲ್ಲೇ ಏದುಸಿರು ಬಂದರೆ ಅಥವಾ ಮಾತು ತಡವರಿಸಿದರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.