ಕಂಬಳದ ಕೊಡುಗೆ: ದೇಣಿಗೆಯೋ, ಜಾಹೀರಾತೋ?

ಪುತ್ತೂರು ಶ್ರೀ ಮಹಾಲಿಂಗೇಶ್ವರ ದೇವಸ್ಥಾನದ ದೇವರಮಾರು ಗದ್ದೆಯಲ್ಲಿ ಕೋಟಿ-ಚೆನ್ನಯ ಜೋಡುಕರೆ ಕಂಬಳದ ದಿನ ಗೊತ್ತಾದೊಡನೆ ಪೇಟೆಯ ಅಂಗಡಿ, ಮಂಡಿ, ಕಾರ್ಖಾನೆಗಳಿಗೆ ರಶೀದಿ ಪುಸ್ತಕ ಬರುವುದು ವಾಡಿಕೆ. ಕೊಡುಗೆ ಎಷ್ಟು ಎಂಬುದು ನಾಲ್ಕು ಮಾತಿನಲ್ಲಿ ತೀರ್ಮಾನವಾಗುತ್ತದೆ. ಅದನ್ನು ಯಾವ ಖಾತೆಗೆ ಬರೆಯಬೇಕೆಂಬುದು ಮಾತ್ರ ಮಾರ್ಚ್ 31 ಕಳೆದರೂ ತೀರ್ಮಾನವಾಗಿರುವುದಿಲ್ಲ. ‘ದೇಣಿಗೆ’ ಎಂದು ರಶೀದಿ, ‘ಜಾಹೀರಾತು ವೆಚ್ಚ’ ಎಂದು ಪುಸ್ತಕದಲ್ಲಿ ನಮೂದು, ಕರೆಯ ಬದಿಯಲ್ಲಿ ಸಂಸ್ಥೆಯ ಹೆಸರಿನ ಫಲಕ, ಧ್ವನಿವರ್ಧಕದಲ್ಲಿ ಗಂಟೆಗೊಮ್ಮೆ ಅದರ ಪ್ರಚಾರ – ಇವು ಒಂದಕ್ಕೊಂದು ಹೊಂದುವುದಿಲ್ಲ. ಹೊಂದದ ದಾಖಲೆಗಳ ನಷ್ಟ ತೆರಿಗೆ ನಿರ್ಧರಣೆಯ ಕಾಲಕ್ಕೆ ವರ್ತಕನ ಮೇಲೆಯೇ ಬೀಳುತ್ತದೆ.

1990ರ ದಶಕದಲ್ಲಿ ಆರಂಭವಾದ ಈ ಕಂಬಳವು ಪಡುಮಲೆಯ ವೀರ ಸಹೋದರರ ಹೆಸರನ್ನು ಹೊತ್ತಿದೆ. ಹಗ್ಗ, ನೇಗಿಲು, ಅಡ್ಡಹಲಗೆ, ನಿಶಾನೆಗೆ ನೀರು ಚಿಮ್ಮಿಸುವ ಕನೆಹಲಗೆ ಮುಂತಾದ ವಿಭಾಗಗಳಲ್ಲಿ ರಾತ್ರಿಯಿಡೀ ಓಟ ನಡೆಯುತ್ತದೆ. ಗೆದ್ದ ಕೋಣಗಳ ಯಜಮಾನರಿಗೆ ಪವನುಗಳ ಲೆಕ್ಕದಲ್ಲಿ ಚಿನ್ನ ಸಲ್ಲುತ್ತದೆ. ಕರೆಯ ಸಿದ್ಧತೆ, ದೀಪ, ಚಪ್ಪರ, ಊಟೋಪಚಾರ, ಬಹುಮಾನ – ಇಷ್ಟಕ್ಕೂ ಆಧಾರ ಊರಿನ ಹಣ. ಆ ಹಣದ ಬಹುಪಾಲು ವ್ಯಾಪಾರಸ್ಥರದು.

ಪ್ರಶ್ನೆ ಪುತ್ತೂರಿಗೆ ಮಾತ್ರ ಸೀಮಿತವಾದುದಲ್ಲ. ಕ್ರೀಡೆ, ಊರಿನ ಅಭಿಮಾನ ಮತ್ತು ವರ್ತಕರ ಹಣ ಒಂದೇ ಕಣದಲ್ಲಿ ಸೇರುವ ಇನ್ನೊಂದು ಪದ್ಧತಿ ಅಮೆರಿಕದ ಕಾಲೇಜು ಫುಟ್ಬಾಲಿನಲ್ಲಿದೆ. ಈ ಗೊಂದಲವನ್ನು ಅಲ್ಲಿನವರು ಮೊದಲೇ ಎದುರಿಸಿದ್ದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಉಪಯುಕ್ತ.

ಆ ಫುಟ್ಬಾಲು ನಮ್ಮ ಕಾಲ್ಚೆಂಡಲ್ಲ. ಅಂಡಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಮುನ್ನುಗ್ಗುವ ಆಟ. ಕಾಲೇಜುಗಳ ನಿಯತ ಋತು ಡಿಸೆಂಬರ್ ಆರಂಭಕ್ಕೆ ಮುಗಿಯುತ್ತದೆ. ಬಳಿಕ ಆಯ್ದ ತಂಡಗಳನ್ನು ಆಹ್ವಾನಿಸಿ ಬೇರೆ ಬೇರೆ ನಗರಗಳಲ್ಲಿ ನಡೆಸುವ ಋತ್ವಂತ್ಯದ ಪಂದ್ಯಗಳಿಗೆ ‘ಬೌಲ್’ ಎಂದು ಹೆಸರು. ಮೂಲ ಮಾದರಿ ಕ್ಯಾಲಿಫೋರ್ನಿಯದ ಪಾಸಡೀನ ನಗರದ ರೋಸ್ ಬೌಲ್. ದೇಶದ ಉಳಿದ ಭಾಗ ಹಿಮದಲ್ಲಿ ನಡುಗುವಾಗ ತಮ್ಮ ಊರಿನಲ್ಲಿ ಗುಲಾಬಿ ಅರಳಿರುತ್ತದೆ ಎಂದು ತೋರಿಸಲು ಅಲ್ಲಿನವರು 1890ರಲ್ಲಿ ಹೂವಿನ ಮೆರವಣಿಗೆ ಆರಂಭಿಸಿದರು. 1902ರ ಜನವರಿ 1ರಂದು ಅದಕ್ಕೆ ಫುಟ್ಬಾಲ್ ಪಂದ್ಯವೊಂದನ್ನು ಜೋಡಿಸಿದರು. ಮಿಶಿಗನ್ ತಂಡ ಸ್ಟ್ಯಾನ್‌ಫರ್ಡ್ ತಂಡವನ್ನು 49-0 ಅಂತರದಿಂದ ಸೋಲಿಸಿದ ಆ ಏಕಪಕ್ಷೀಯ ಪಂದ್ಯದ ನಂತರ ಸಂಘಟಕರು ಫುಟ್ಬಾಲನ್ನೇ ಕೈಬಿಟ್ಟು ಹಲವು ವರ್ಷ ಕುದುರೆ ರಥಗಳ ಓಟ ನಡೆಸಿದರೆಂಬುದು ಕಂಬಳಪ್ರಿಯರಿಗೆ ರುಚಿಸಬಹುದಾದ ಸಂಗತಿ! 1916ರಲ್ಲಿ ಫುಟ್ಬಾಲ್ ಮರಳಿತು. 1930ರ ದಶಕದಲ್ಲಿ ಮಯಾಮಿ, ನ್ಯೂ ಆರ್ಲಿಯನ್ಸ್, ಡಲ್ಲಾಸ್ ನಗರಗಳೂ ಕಿತ್ತಳೆ, ಸಕ್ಕರೆ, ಹತ್ತಿಯ ಹೆಸರಿನಲ್ಲಿ ತಮ್ಮ ತಮ್ಮ ಬೌಲ್‌ಗಳನ್ನು ಹುಟ್ಟುಹಾಕಿದವು. ಚಳಿಗಾಲದಲ್ಲಿ ಹೊರಗಿನ ಜನ ಊರಿಗೆ ಬರಬೇಕು, ವ್ಯಾಪಾರ ನಡೆಯಬೇಕು ಎಂಬುದು ಅವುಗಳ ಗುಟ್ಟಲ್ಲದ ಉದ್ದೇಶವಾಗಿತ್ತು.

1980ರ ದಶಕದಲ್ಲಿ ಪಂದ್ಯಗಳ ಹೆಸರಿಗೆ ಕಂಪೆನಿಗಳ ಹೆಸರು ಅಂಟಿತು. ಡಲ್ಲಾಸಿನ ಕಾಟನ್ ಬೌಲ್ ‘ಮೊಬಿಲ್ ಕಾಟನ್ ಬೌಲ್’ ಆಯಿತು. ಪಂದ್ಯ ನಡೆಸುವ ಸಂಘ ಲಾಭರಹಿತವಾದುದು. ಬಂದ ಹಣ ಕೊಡುಗೆ, ಆದ್ದರಿಂದ ತೆರಿಗೆ ಇಲ್ಲ ಎಂಬುದು ಸಂಘಟಕರ ವಾದ. 1991ರಲ್ಲಿ ಅಲ್ಲಿನ ತೆರಿಗೆ ಇಲಾಖೆ ಇದನ್ನು ಒಪ್ಪಲಿಲ್ಲ. ಹೆಸರು, ಲಾಂಛನ, ದೂರದರ್ಶನದ ಪ್ರಸಾರದಿಂದ ಕಂಪೆನಿಗೆ ಗಣನೀಯ ಪ್ರತಿಫಲ ದೊರೆತಿದೆ, ಇದು ಜಾಹೀರಾತಿನ ಆದಾಯ ಎಂದು ಅಭಿಪ್ರಾಯಪಟ್ಟಿತು. ಸಂಘಟಕರಲ್ಲಿ ಕೋಲಾಹಲವೆದ್ದು, ಕೊನೆಗೆ 1997ರಲ್ಲಿ ಕಾನೂನೇ ಬಂತು. ಪ್ರಾಯೋಜಕರ ಹೆಸರನ್ನೂ ಲಾಂಛನವನ್ನೂ ಕೃತಜ್ಞತಾಪೂರ್ವಕವಾಗಿ ತೋರಿಸಿದರೆ ತೆರಿಗೆ ಇಲ್ಲ. ಸರಕಿನ ಬೆಲೆ ಹೇಳಿದರೆ, ಗುಣವನ್ನು ಹೊಗಳಿದರೆ, ಕೊಳ್ಳಿರೆಂದು ಪ್ರೇರೇಪಿಸಿದರೆ ಅದು ಜಾಹೀರಾತು. ಉಪಕಾರ ಸ್ಮರಣೆಗೂ ಪ್ರಚಾರಕ್ಕೂ ನಡುವೆ ಗೆರೆ ಎಳೆದದ್ದು ಹೀಗೆ.

ಭಾರತದಲ್ಲಿ ಸುಮಾರಾಗಿ ಇದೇ ಗೆರೆಯನ್ನು ಸರಕು ಮತ್ತು ಸೇವಾ ತೆರಿಗೆಯ 2019ರ ಅಕ್ಟೋಬರ್ 11ರ ಸುತ್ತೋಲೆ ಎಳೆದಿದೆ. ಧರ್ಮಾರ್ಥ ಸಂಸ್ಥೆಗೆ ದಾನವಾಗಿಯೇ ಹಣ ಕೊಟ್ಟು, ಅದರ ಸ್ಮರಣೆಗಾಗಿ ದಾನಿಯ ಹೆಸರನ್ನು ಫಲಕದಲ್ಲಿ ಬರೆದರೆ ತೆರಿಗೆ ಇಲ್ಲ. ತಂದೆಯ ನೆನಪಿಗೆ ಮಗಳು ಕೊಟ್ಟ ದಾನ ಎಂಬಂತಹ ಬರಹಕ್ಕೆ ಯಾವ ತೊಂದರೆಯೂ ಇಲ್ಲ. ಬರಹವು ದಾನಿಯ ವ್ಯಾಪಾರವನ್ನು ಪ್ರಚಾರ ಮಾಡುವಂತಿದ್ದರೆ ಅಥವಾ ಹಾಗೆ ಪ್ರಚಾರ ಮಾಡಲು ಸಂಸ್ಥೆಯು ಕಟ್ಟುಪಾಡಿಗೆ ಒಳಗಾಗಿದ್ದರೆ ಅದು ಸೇವೆ, ತೆರಿಗೆಗೆ ಅರ್ಹ. ಸುತ್ತೋಲೆಯ ರಿಯಾಯಿತಿ ಧರ್ಮಾರ್ಥ ಸಂಸ್ಥೆಗಳಿಗೆ ಸಂಬಂಧಿಸಿದ್ದು ಎಂಬುದನ್ನು ಮರೆಯಬಾರದು. ಕಂಬಳ ಸಮಿತಿ ಎಂದ ಮಾತ್ರಕ್ಕೆ ಆ ಸ್ಥಾನ ತಾನಾಗಿ ದೊರೆಯುವುದಿಲ್ಲ.

ಪ್ರಾಯೋಜಕತ್ವವೆಂದು ತೀರ್ಮಾನವಾದರೆ ದರ ಶೇ. 18. ತೆರಿಗೆ ಕಟ್ಟಬೇಕಾದವರು ಯಾರು ಎಂಬಲ್ಲಿ ಅನೇಕರು ಎಡವುತ್ತಾರೆ. ಹಣ ಪಡೆಯುವ ಸಮಿತಿಯು ಕಂಪೆನಿಯಂತಹ ನಿಗಮಿತ ಸಂಸ್ಥೆಯಲ್ಲದೆ, ಹಣ ಕೊಡುವವರು ಕಂಪೆನಿ ಅಥವಾ ಪಾಲುದಾರಿಕೆ ಸಂಸ್ಥೆಯಾಗಿದ್ದರೆ, ತೆರಿಗೆ ಕಟ್ಟುವ ಹೊಣೆ ಕೊಡುವವರದೇ. ಇದೇ ರಿವರ್ಸ್ ಚಾರ್ಜ್. ಸಮಿತಿ ನೋಂದಣಿ ಮಾಡಿಸಿಲ್ಲ ಎಂಬುದು ಸಮಜಾಯಿಷಿಯಾಗದು. 2025ರ ಜನವರಿ 16ರಿಂದ, ಹಣ ಪಡೆಯುವವರು ನಿಗಮಿತ ಸಂಸ್ಥೆಯಾಗಿದ್ದರೆ ಮಾತ್ರ ಹೊಣೆ ಅವರಿಗೆ ವರ್ಗವಾಗಿದೆ. ಏಕವ್ಯಕ್ತಿ ಮಾಲಿಕತ್ವದ ಅಂಗಡಿಗೆ ರಿವರ್ಸ್ ಚಾರ್ಜ್ ಅನ್ವಯಿಸುವುದಿಲ್ಲ. ಅಲ್ಲಿ ತೆರಿಗೆ ವಿಧಿಸಬೇಕಾದವರು, ನೋಂದಣಿಯ ವ್ಯಾಪ್ತಿಗೆ ಬಂದಿದ್ದರೆ, ಸಮಿತಿಯವರು.

ಕ್ರೀಡಾ ಪ್ರಾಯೋಜಕತ್ವಕ್ಕೆ ವಿನಾಯಿತಿ ಇದೆಯಲ್ಲ ಎಂದು ಕೆಲವರು ಕೇಳುವುದುಂಟು. ಇದೆ, ಆದರೆ ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳು ಮತ್ತು ಅವುಗಳ ಅಂಗಸಂಸ್ಥೆಗಳು ಜಿಲ್ಲೆ, ರಾಜ್ಯಗಳ ಪ್ರಾತಿನಿಧ್ಯದಿಂದ ನಡೆಸುವ ಕೂಟಗಳು, ಭಾರತೀಯ ವಿಶ್ವವಿದ್ಯಾಲಯಗಳ ಸಂಘದ ಕೂಟಗಳು ಮುಂತಾದವು ಆ ಪಟ್ಟಿಯಲ್ಲಿವೆ. ಅಂತರ ವಿಶ್ವವಿದ್ಯಾಲಯ ಫುಟ್ಬಾಲ್ ಪಂದ್ಯಕ್ಕೆ ಕೊಟ್ಟ ಹಣಕ್ಕೆ ದೊರೆಯುವ ವಿನಾಯಿತಿ, ಯಜಮಾನರು ತಮ್ಮ ಮನೆತನದ ಹೆಸರಿನಲ್ಲಿ ಕೋಣಗಳನ್ನು ಇಳಿಸುವ ಕಂಬಳಕ್ಕೆ ಹೊಂದುವುದು ಕಷ್ಟ.

ಒಂದು ಲೆಕ್ಕದಿಂದ ವಿಷಯ ಸ್ಪಷ್ಟವಾದೀತು. ದರ್ಬೆಯ ಒಂದು ಪಾಲುದಾರಿಕೆ ಸಂಸ್ಥೆ ಫಲಕ ಮತ್ತು ಧ್ವನಿವರ್ಧಕದ ಪ್ರಚಾರಕ್ಕಾಗಿ ರೂ. 60,000 ಕೊಡಲು ಒಪ್ಪಿತೆಂದು ಭಾವಿಸೋಣ. ಜಾಹೀರಾತು ‘ಕಾಮಗಾರಿ’ಯ ವ್ಯಾಖ್ಯೆಗೆ ಸೇರಿರುವುದರಿಂದ ಶೇ. 2ರಂತೆ ರೂ. 1,200 ಮೂಲದಲ್ಲಿ ಕಡಿತ ಮಾಡಿ ಸರಕಾರಕ್ಕೆ ಕಟ್ಟಬೇಕು. ಒಂದು ಬಾರಿಗೆ ರೂ. 30,000 ಮೀರಿದ ಪಾವತಿಗೆ ಇದು ಅನ್ವಯ; ಕಡಿತ ಮಾಡದಿದ್ದರೆ ವೆಚ್ಚದ ಶೇ. 30 ಭಾಗ ಅಮಾನ್ಯವಾಗುವ ಸಂಭವವಿದೆ. ರಿವರ್ಸ್ ಚಾರ್ಜ್‌ನಲ್ಲಿ ರೂ. 10,800 ಕಟ್ಟಬೇಕು, ಇದನ್ನು ಜಮೆ ಇರುವ ಇನ್‌ಪುಟ್ ತೆರಿಗೆಯಿಂದ ಸರಿದೂಗಿಸಲು ಬರುವುದಿಲ್ಲ, ನಗದು ಲೆಡ್ಜರಿನಿಂದಲೇ ಸಲ್ಲಬೇಕು. ಸಂಸ್ಥೆ ತೆರಿಗೆಗೊಳಪಟ್ಟ ವ್ಯಾಪಾರ ಮಾಡುತ್ತಿದ್ದರೆ ಕಟ್ಟಿದ ಮೊತ್ತ ಜಮೆಯಾಗಿ ಮರಳುತ್ತದೆ. ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಮರಳುವುದಿಲ್ಲ. ಉಳಿದಂತೆ ಪೂರ್ತಿ ರೂ. 60,000 ವ್ಯಾಪಾರ ವೆಚ್ಚ, ಶೇ. 30 ದರದಲ್ಲಿ ಆದಾಯ ತೆರಿಗೆಯ ಉಳಿತಾಯ ರೂ. 18,000.

ಅದೇ ಹಣ ದೇಣಿಗೆಯಾದರೆ ಕಡಿತವೂ ಇಲ್ಲ, ಸೇವಾ ತೆರಿಗೆಯೂ ಇಲ್ಲ. ಆದರೆ ‘80ಜಿ’ ಎಂದೇ ಪರಿಚಿತವಾದ ಅನುಮೋದನೆ ಸಮಿತಿಗೆ ಇದ್ದರೆ ಮಾತ್ರ ಸಾಮಾನ್ಯವಾಗಿ ಅರ್ಧ, ಅಂದರೆ ರೂ. 30,000 ಕಳೆಯಬಹುದು, ಅದೂ ಒಟ್ಟು ಆದಾಯದ ಮಿತಿಗೆ ಒಳಪಟ್ಟು. ಅನುಮೋದನೆ ಇಲ್ಲದಿದ್ದರೆ ಸೊನ್ನೆ. ರೂ. 2,000 ಮೀರಿದ ನಗದು ದೇಣಿಗೆಗೂ ಸೊನ್ನೆ. ಏಕವ್ಯಕ್ತಿ ವರ್ತಕರು ಆದಾಯ ತೆರಿಗೆಯ ಹೊಸ ಪದ್ಧತಿಯಲ್ಲಿದ್ದರೆ ದೇಣಿಗೆಯ ಈ ಕಳೆತ ದೊರೆಯುವುದೇ ಇಲ್ಲ, ಜಾಹೀರಾತು ವೆಚ್ಚ ಮಾತ್ರ ದೊರೆಯುತ್ತದೆ. ಅನೇಕರು ಗಮನಿಸದ ವ್ಯತ್ಯಾಸವಿದು. ಇನ್ನು ವ್ಯಾಪಾರ ವೆಚ್ಚವನ್ನು ಒಬ್ಬರಿಗೆ ಒಂದು ದಿನ ರೂ. 10,000 ಮೀರಿ ನಗದಾಗಿ ಕೊಟ್ಟರೆ ಅದೂ ಅಮಾನ್ಯ. ಕಂಬಳದ ದಿನ ಗದ್ದೆಯ ಬದಿಯಲ್ಲಿ ಎಣಿಸಿ ಕೊಟ್ಟ ನೋಟುಗಳಿಗೆ ಕಾನೂನಿನಲ್ಲಿ ಕರುಣೆ ಇಲ್ಲ. 1961ರ ಕಾಯ್ದೆಯ ಬದಲಿಗೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ಈ ತತ್ವಗಳು ಬದಲಾಗಿಲ್ಲ.

ಕಂಬಳದ ವಿಷಯದಲ್ಲಿ ಇನ್ನೊಂದು ಸೂಕ್ಷ್ಮವಿದೆ. ಕಾನೂನು ನಿಷೇಧಿಸಿದ ಕಾರ್ಯಕ್ಕೆ ಮಾಡಿದ ವೆಚ್ಚವನ್ನು ವ್ಯಾಪಾರ ವೆಚ್ಚವೆಂದು ಕಳೆಯಲಾಗದು. 2014ರ ಮೇ 7ರಂದು ಜಲ್ಲಿಕಟ್ಟು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ನೀಡಿದ ತೀರ್ಪು ಕಂಬಳದ ಮೇಲೂ ಕರಿನೆರಳು ಬೀರಿತ್ತು. 2016ರ ನವೆಂಬರಿನಲ್ಲಿ ರಾಜ್ಯ ಹೈಕೋರ್ಟು ಮಧ್ಯಂತರ ತಡೆ ನೀಡಿತು. ರಾಜ್ಯದ ತಿದ್ದುಪಡಿ ಕಾಯ್ದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿದ ಮೇಲೆ ಈ ಅಳುಕು ಉಳಿದಿಲ್ಲ. ಆದರೂ ಕಾಯ್ದೆಯ ನಿಬಂಧನೆಗಳಿಗೆ ಒಳಪಟ್ಟು ನಡೆದ ಕಂಬಳಕ್ಕೆ ಮಾತ್ರ ಈ ರಕ್ಷಣೆ. ಸಮಿತಿ ಪಡೆದ ಅನುಮತಿ ಪತ್ರದ ಪ್ರತಿಯೊಂದನ್ನು ಪ್ರಾಯೋಜಕರು ತಮ್ಮ ಕಡತದಲ್ಲಿ ಇರಿಸಿಕೊಳ್ಳುವುದು ಲೇಸು.

ಚಿನ್ನ ಕೊಡುವ ಆಭರಣ ವ್ಯಾಪಾರಿಗಳ ಪ್ರಶ್ನೆ ಬೇರೆ. ತಮ್ಮ ದಾಸ್ತಾನಿನಿಂದ ಒಂದು ಪವನನ್ನು ಪುಕ್ಕಟೆ ಬಹುಮಾನವಾಗಿ ಕೊಟ್ಟರೆ, ಆ ಚಿನ್ನದ ಖರೀದಿಯ ಮೇಲೆ ಪಡೆದ ಇನ್‌ಪುಟ್ ತೆರಿಗೆಯನ್ನು ಹಿಂದಿರುಗಿಸಬೇಕು. ಪ್ರಚಾರದ ಬದಲಿಗೆ ಕೊಟ್ಟರೆ ಅದು ವಿನಿಮಯ. ಚಿನ್ನದ ಬೆಲೆಯ ಮೇಲೆ ಶೇ. 3ರ ತೆರಿಗೆ ತೋರಿಸಬೇಕು.

ನವೆಂಬರಿನಲ್ಲಿ ಕರಾವಳಿಯ ಕಂಬಳ ಋತು ತೆರೆಯುವ ಮುನ್ನವೇ ಸಮಿತಿಗಳು ಎರಡು ಬಗೆಯ ಪುಸ್ತಕ ಮುದ್ರಿಸಿದರೆ ಅರ್ಧ ತೊಡಕು ಅಲ್ಲಿಗೇ ಪರಿಹಾರ: ದೇಣಿಗೆಗೆ ರಶೀದಿ, ಪ್ರಚಾರಕ್ಕೆ ಬಿಲ್ಲು. ಬಿಲ್ಲಿನಲ್ಲಿ ಫಲಕದ ಅಳತೆ, ಸ್ಥಳ, ಧ್ವನಿವರ್ಧಕದ ಪ್ರಚಾರ, ಸ್ಮರಣ ಸಂಚಿಕೆಯ ಪುಟ, ಸಮಿತಿಯ ಪ್ಯಾನ್ ಸಂಖ್ಯೆ ಇರಲಿ. ಫಲಕದ ಒಂದು ಛಾಯಾಚಿತ್ರವನ್ನು ವರ್ತಕರು ಅದಕ್ಕೆ ಲಗತ್ತಿಸಿ ಇಟ್ಟುಕೊಳ್ಳಲಿ. ಸಮಿತಿಯ ಪ್ರಚಾರದ ಆದಾಯ ವರ್ಷಕ್ಕೆ ರೂ. 20 ಲಕ್ಷದತ್ತ ಸಾಗುತ್ತಿದ್ದರೆ, ಪ್ರಾಯೋಜಕರಲ್ಲಿ ಎಷ್ಟು ಮಂದಿ ಏಕವ್ಯಕ್ತಿ ವರ್ತಕರು, ಎಷ್ಟು ಪಾಲುದಾರಿಕೆ ಸಂಸ್ಥೆಗಳು ಎಂಬ ಪಟ್ಟಿಯನ್ನು ಖಜಾಂಚಿಗಳು ಈಗಲೇ ಬರೆದಿಡಬೇಕು. ನೋಂದಣಿ ಬೇಕೇ ಬೇಡವೇ ಎಂಬುದು ಆ ಪಟ್ಟಿಯಿಂದಲೇ ತಿಳಿಯುತ್ತದೆ.